ಜೇಬಿನಲ್ಲಿ ಉಳಿದ ಅರ್ಜಿ

ಚನ್ನಪಟ್ಟಣದ ಕಾಲೇಜಿನ ಆಡಳಿತ ಸಮಿತಿಗೆ ಪಂಚಾಕ್ಷರಯ್ಯನವರು ಅಧ್ಯಕ್ಷರಾಗಿ ಬಂದ ಮೂರನೆಯ ಬೆಳಿಗ್ಗೆ, ಜವಾನ ಇಮಾಮ್ ಸಾಬ್ ಹಾಜರಿ ಪುಸ್ತಕವನ್ನು ತುಂಬಿದ ತಟ್ಟೆ ಹಿಡಿದವನಂತೆ ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದ.

“ಸ್ವಾಮಿ, ಯಾರೋ ಹೆಬ್ಬೆಟ್ಟು ಒತ್ತವ್ರೆ.”

“ಕಾಲೇಜಿನಲ್ಲಿ ಹೆಬ್ಬೆಟ್ಟೇ? ಹುಡುಗರ ಕುಚೇಷ್ಟೆ ಇರಬೇಕು.”

ಇಮಾಮ್ ಸಾಬ್ ಬೊಂಬೆ ಕಡೆಯುವವರ ಮನೆಯವನು. ಬಣ್ಣದ ವಿಷಯದಲ್ಲಿ ಅವನನ್ನು ಯಾರೂ ಏಮಾರಿಸುವಂತಿರಲಿಲ್ಲ. ಬೆರಳಿಗೆ ತಾಗಿಸಿ ಮೂಸಿದ. “ಇಂಕೂ ಅಲ್ಲ, ಅರಗೂ ಅಲ್ಲ. ಹರಳೆಣ್ಣೆ ದೀಪದ ಮಸಿ. ಇನ್ನೂ ಒಸಿ ಹಸಿ ಐತೆ.”

ಪಂಚಾಕ್ಷರಯ್ಯನವರು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಮಸಿ ಅವರಿಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಅವರು ಮಾಗಡಿ ಸೀಮೆಯ ಪ್ರಜಾಪ್ರತಿನಿಧಿ. ದಸರೆಗೆ ಮೈಸೂರಿನಲ್ಲಿ ಸೇರುವ ಪ್ರತಿನಿಧಿಗಳ ಸಭೆಗೆ ಹೊರಟಾಗ, ಸಾವನದುರ್ಗದ ತಪ್ಪಲಿನ ಪಾಳ್ಯವೊಂದರಿಂದ ಮಾರಕ್ಕ ಎಂಬ ಹೆಂಗಸು ಅರ್ಜಿ ತಂದಿದ್ದಳು. ಕೆರೆಯ ಏರಿ ಬಿರುಕು ಬಿಟ್ಟಿದೆ, ಸರ್ಕಾರ ಕಟ್ಟಿಸಿಕೊಡಲಿ, ಇಲ್ಲವಾದರೆ ಊರು ಬಿಡುತ್ತೇವೆ ಎಂದಿತ್ತು ಅದರಲ್ಲಿ. ಕೆಳಗೆ ಮನೆಗೊಂದರಂತೆ ನಲವತ್ತೊಂದು ಹೆಬ್ಬೆಟ್ಟು, ಎಲ್ಲವೂ ದೀಪದ ಮಸಿಯವು.

“ನಮ್ಗೆ ಬಾಯಿಲ್ಲ ಬುದ್ಧಿ. ನೀವೇ ನಮ್ ಬಾಯಿ. ಒಂದ್ಸಲಿ ಗಟ್ಟಿಯಾಗಿ ಓದ್ಬುಡಿ, ಸಾಕು.”

ಸಭೆಯಲ್ಲಿ ಮಾತಾಡಲು ಸಿಕ್ಕಿದ್ದು ಒಂದೇ ಸರದಿ. ಎದ್ದು ನಿಂತ ಪಂಚಾಕ್ಷರಯ್ಯನವರು ಈ ಕಾಲೇಜನ್ನು ಕೇಳಿದರು. ಚಪ್ಪಾಳೆಯೋ ಚಪ್ಪಾಳೆ. ಅರ್ಜಿ ಕರಿ ಕೋಟಿನ ಒಳಜೇಬಿನಲ್ಲೇ ಉಳಿಯಿತು. ವಾಪಸು ಬಂದರೆ ಮಾರಕ್ಕ ಜಗಲಿಯ ಕೆಳಗೆ ಕಾದು ನಿಂತಿದ್ದಳು.

“ಓದುದ್ರಾ ಬುದ್ಧಿ?”

“ಓದಿದೆ ಕಣಮ್ಮ. ಸರ್ಕಾರ ಒಪ್ಪಿತು.”

ಅವಳು ನೆಲ ಮುಟ್ಟಿ ನಮಸ್ಕರಿಸಿ ಊರಿಗೆ ಓಡಿದಳು. ಗಂಟುಮೂಟೆ ಕಟ್ಟಿ ಕೂತಿದ್ದವರೆಲ್ಲ ಅವಳ ಮಾತು ನಂಬಿ ಗಂಟು ಬಿಚ್ಚಿದರೆಂದು ಆ ದಾರಿಯಲ್ಲಿ ಬಂದ ಬಳೆಗಾರನೊಬ್ಬ ಆಮೇಲೆ ಹೇಳಿದ. ಒಂಬತ್ತನೆಯ ದಿನ ಏರಿ ಒಡೆಯಿತು. ಪಾಳ್ಯದಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಈಗ ಹೆಬ್ಬೆಟ್ಟುಗಳು ದಿನದಿಂದ ದಿನಕ್ಕೆ ಹೆಚ್ಚಿದವು. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಬೇರೆ ಪುಸ್ತಕ ತರಿಸಿದರು. ಅದರಲ್ಲೂ ಮೂಡಿದವು. ನಲವತ್ತೊಂದು ತುಂಬಿದ ದಿನ ಮನೆಗೆ ಹೋಗಿ ಟ್ರಂಕು ತೆಗೆದು, ಹಳೆಯ ಕೋಟಿನಿಂದ ಅರ್ಜಿಯನ್ನು ಹೊರಗೆಳೆದರು. ಅಕ್ಷರಗಳು ಹಾಗೇ ಇದ್ದವು. ಕೆಳಗಡೆ ಬರೀ ಬಿಳಿ ಕಾಗದ. ಒಂದೂ ಹೆಬ್ಬೆಟ್ಟಿಲ್ಲ.

ಹೆಂಡತಿ ಗಿರಿಜಾಂಬನಿಗೆ ಅಂದು ಎಲ್ಲ ಹೇಳಿಕೊಂಡರು. ಆಕೆ ಅರ್ಜಿಯನ್ನು ತಿರುಗಿಸಿ ನೋಡಿ ಅಂದಳು: “ಅವ್ರೇನು ನಿಮ್ಮ ಪ್ರಾಣ ಕೇಳ್ತಾವ್ರಾ? ಓದಿ ಅಂತಾವ್ರೆ. ಅಷ್ಟು ದೊಡ್ಡ ಕಾಲೇಜಿಗೆ ಅಧ್ಯಕ್ಷರು, ಓದಾಕೆ ಬರಾಕಿಲ್ವಾ ನಿಮ್ಗೆ?”

ಓದಿಯೇ ಬಿಡುವುದೆಂದು ಕಾಲೇಜಿನ ವಾರ್ಷಿಕ ಸಭೆಗೆ ಅರ್ಜಿ ಹಿಡಿದು ಹೋದರು. ಸುಡುವ ಮಧ್ಯಾಹ್ನ. ಮಳೆಯ ಸುಳಿವಿಲ್ಲ. ಆದರೂ ಹಿಂದಿನ ನಾಲ್ಕು ಬೆಂಚು ನೀರು ಸುರಿಸುತ್ತಿದ್ದವು. ಇಮಾಮ್ ಸಾಬ್ ಮೂರು ಸಲ ಒರೆಸಿ ಕೈಬಿಟ್ಟಿದ್ದ. ಅಲ್ಲಿ ಯಾರೂ ಕೂರಲಿಲ್ಲ. ಪಂಚಾಕ್ಷರಯ್ಯನವರು ಎದ್ದು ಕಾಗದ ಬಿಡಿಸಿದಾಗ, ಆ ಖಾಲಿ ಬೆಂಚುಗಳಿಂದ ಒದ್ದೆ ಬಟ್ಟೆಯ ಸದ್ದು ಬಂತು. ಬಹಳ ಜನ ಒಟ್ಟಿಗೆ ಮುಂದಕ್ಕೆ ಬಾಗಿ ಕಿವಿಗೊಟ್ಟಂತೆ.

ಮುಂದಿನ ಕುರ್ಚಿಯಲ್ಲಿದ್ದ ಮೈಸೂರಿನ ದೊಡ್ಡ ಅಧಿಕಾರಿ ನಕ್ಕರು. “ಹೊಸ ಕಟ್ಟಡದ ಮನವಿ ತಾನೇ?”

ಪಂಚಾಕ್ಷರಯ್ಯನವರು ಒದ್ದೆ ಬೆಂಚುಗಳತ್ತ ನೋಡಿದರು, ಅಧಿಕಾರಿಯತ್ತ ನೋಡಿದರು.

“ಹೌದು, ಮಹಾಸ್ವಾಮಿ,” ಎಂದು ಕಾಗದವನ್ನು ಜೇಬಿಗೆ ಸೇರಿಸಿದರು. ಕಟ್ಟಡದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಚಪ್ಪಾಳೆ ಬಿತ್ತು. ಅದರ ಅಡಿಯಲ್ಲೇ, ಹಿಂದುಗಡೆ ಗಂಟು ಕಟ್ಟುವ ಸದ್ದು, ಬರಿಗಾಲುಗಳು ಒಂದೊಂದಾಗಿ ಹೊರನಡೆಯುವ ಸದ್ದು. ವಂದನೆ ಹೇಳಲು ಬಾಯಿ ತೆರೆದರು. ದನಿ ಹೊರಡಲಿಲ್ಲ.

ಆಮೇಲೆ ಎಂದೂ ಹೊರಡಲಿಲ್ಲ. ಬರೆದು ತೋರಿಸೋಣವೆಂದರೆ ಲೇಖನಿ ಹಿಡಿದ ಕೈ ಒಂದಕ್ಷರವನ್ನೂ ಮೂಡಿಸದು. ಹಾಜರಿ ಪುಸ್ತಕ ಮಾತ್ರ ತೊಳೆದಿಟ್ಟಂತೆ ಚೊಕ್ಕಟವಾಯಿತು. ಹೆಬ್ಬೆಟ್ಟುಗಳು ಅರ್ಜಿಗೆ ಮರಳಿದ್ದವು. ಎಣಿಸಿದರೆ ನಲವತ್ತೆರಡು. ಪಂಚಾಕ್ಷರಯ್ಯನವರ ಹೆಬ್ಬೆರಳು ಕಪ್ಪಗಿತ್ತು. ಎಷ್ಟು ಉಜ್ಜಿದರೂ ಹೋಗಲೊಲ್ಲದು.

ಮುಂದಿನ ದಸರಾಕ್ಕೆ ಮಾಗಡಿಯ ಹೊಸ ಪ್ರತಿನಿಧಿ ಬಸವಲಿಂಗಯ್ಯ ಮೈಸೂರಿಗೆ ಹೊರಟು ನಿಂತಾಗ, ಗಡ್ಡ ಬೆಳೆದ ಮುದುಕನೊಬ್ಬ ಜಗಲಿಯ ಕೆಳಗೆ, ಕಪ್ಪು ಹೆಬ್ಬೆರಳಿನ ಕೈಯಲ್ಲಿ ಅರ್ಜಿ ಚಾಚಿ ನಿಂತಿದ್ದ. ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ.

“ಆಯ್ತು ಕಣಯ್ಯ, ಓದ್ತೀನಿ ಹೋಗು,” ಎಂದ ಬಸವಲಿಂಗಯ್ಯ, ಗಾಡಿ ಹತ್ತುತ್ತಲೇ ಕಾಗದವನ್ನು ಮಡಿಸಿ ಕೋಟಿನ ಒಳಜೇಬಿಗೆ ಇಳಿಸಿದ.