ನಾಳೆಯಿಂದ ಬರಬೇಡಿ

"ತಲೆ ಸ್ವಲ್ಪ ಎತ್ತಿ ಹಿಡೀರಿ" ಎಂದು ರೋಹಿಣಿ ಬಿಸಿನೀರಿನ ಚೊಂಬು ಬಾಗಿಸಿದಳು. ತಿಮ್ಮಿ ಮಗಳು ದಿವ್ಯಾಳ ತಲೆಗೆ ಕೈಚಾಚಿದವಳು ಹಿಂದೆಗೆದಳು.

"ನನ್ ಕೈಲಿ ಆಗೂದಿಲ್ಲ ತಂಗಿ. ನೀನೇ ಮೀಯಿಸು. ನೀವಿಬ್ರೂ ಎಷ್ಟೋ ಹೆಣ ನೋಡಿದವ್ರು."

ನೋಡಿದ್ದು ನಿಜ. ಕೊರೊನಾ ಕಾಲದಲ್ಲಿ ರೋಹಿಣಿ, ದಿವ್ಯಾ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಗುತ್ತಿಗೆ ನರ್ಸುಗಳು. ಮನೆಯವರೇ ಮುಟ್ಟಲೊಲ್ಲದವರಿಗೆ ದಿವ್ಯಾ ಗಂಜಿ ಕುಡಿಸುತ್ತಿದ್ದಳು. ಅಲ್ಲಿಯೇ ಎರಡು ಸಲ ಸೋಂಕು ತಗುಲಿ ಅವಳ ಶ್ವಾಸಕೋಶ ಹಾಳಾಯಿತು. ರೋಹಿಣಿ ಈಗ ಶಿರಸಿಯ ಜವಳಿ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ. ದಿವ್ಯಾ ನಂದೊಳ್ಳಿಯ ಮನೆಯಲ್ಲಿ ಕೆಮ್ಮುತ್ತ ಕೂತವಳು, ನಿನ್ನೆ ಹೋಗಿಬಿಟ್ಟಳು.

ಅಂಗಳದಲ್ಲಿ ಪಕ್ಕದ ಮನೆಯ ಪ್ರಮೋದ ಚಟ್ಟ ಕಟ್ಟುತ್ತಿದ್ದ. ದಿವ್ಯಾಳ ಕೈಯ ಆ ಗಂಜಿ ಕುಡಿದೇ ಬದುಕಿದವನು.

"ಕ್ಷಯ ಇತ್ತು ಕಾಣ್ತದೆ. ನಮ್ಮನೆ ಮಕ್ಳನ್ನ ಈ ಕಡೆ ಬಿಡ್ತಿರಲಿಲ್ಲ" ಎಂದು ಯಾರಿಗೋ ಹೇಳುತ್ತಿದ್ದ. ಜಗುಲಿಯಲ್ಲಿ ಕೂತಿದ್ದ ದಿವ್ಯಾಳ ಅಪ್ಪ ಜಟ್ಟಪ್ಪನಿಗೂ ಅದು ಕೇಳಿಸಿತು. ಅವನು ತಲೆಯೆತ್ತಲಿಲ್ಲ.

*

ಕೊರೊನಾದ ಕೊನೆಯ ರೋಗಿ ಮನೆಗೆ ಹೋದ ದಿನ ವಾರ್ಡಿನಲ್ಲಿ ಪೇಡೆ ಹಂಚಿದ್ದರು. ದಿವ್ಯಾ ಕಿಟಕಿಗಳನ್ನೆಲ್ಲ ತೆರೆದು, "ಮುಗೀತಲ್ಲ ಮಾರಾಯ್ತಿ! ಇದಕ್ಕೆ ಎಷ್ಟು ದೇವ್ರಿಗೆ ಹರಕೆ ಹೊತ್ತಿದ್ದೆ" ಎಂದು ಕುಣಿದಿದ್ದಳು. ಪೇಡೆ ಬಾಯಲ್ಲಿರುವಾಗಲೇ ಆಸ್ಪತ್ರೆಯ ಆಡಳಿತ ನೋಡುವ ಸುಜಯ ಬಂದ. ತುರ್ತು ಪರಿಸ್ಥಿತಿ ಮುಗಿದಿದೆ, ಗುತ್ತಿಗೆಯವರು ನಾಳೆಯಿಂದ ಬರಬೇಡಿ ಎಂದ.

"ನನ್ನ ಕೆಮ್ಮು ಮುಗೀಲಿಲ್ಲ ಸರ್" ಎಂದಳು ದಿವ್ಯಾ.

"ಅದಕ್ಕೆ ಎಲ್ಲರ ಹಾಗೆ ಬಂದು ಚೀಟಿ ಮಾಡಿಸಿ."

*

ದಿವ್ಯಾಳ ತಮ್ಮ ನವೀನ ಬಿಳಿ ಬಟ್ಟೆ ತಂದು ರೋಹಿಣಿಯ ಕೈಗಿತ್ತ.

"ನಿನ್ನೆ ಉಸಿರು ಕಟ್ಟಿದಾಗ ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಹೋದೆ ಅಕ್ಕಾ. ಆಕ್ಸಿಜನ್ ಹಾಸಿಗೆ ಎಲ್ಲ ಹಳೇ ವಾರ್ಡಲ್ಲಿದೆ, ನೋಡ್ಕೊಳ್ಳೂಕೆ ಜನ ಇಲ್ಲ, ಬೀಗ ಹಾಕಿದೆ ಅಂದ್ರು. ಹುಬ್ಬಳ್ಳಿಗೆ ಹೊರಟ್ರೆ, ಕಿರವತ್ತಿ ದಾಟೂದ್ರೊಳಗೆ..."

ಅಷ್ಟರಲ್ಲಿ ಜೀಪೊಂದು ಬಂದು ನಿಂತು, ಸುಜಯ ಹಾರ ಹಿಡಿದು ಇಳಿದ. ಜೊತೆಗೆ ಫೋಟೊ ತೆಗೆಯುವವನೊಬ್ಬ. ಹಾರ ಹಾಕಿ ಕೈಮುಗಿದಾದ ಮೇಲೆ ಸುಜಯ ರೋಹಿಣಿಯನ್ನು ಬದಿಗೆ ಕರೆದ.

"ಸಿದ್ದಾಪುರದ ಕಡೆ ಮಂಗನ ಕಾಯಿಲೆ ಜೋರಾಗಿದೆ. ಹಳೇ ವಾರ್ಡಿನ ಬೀಗ ತೆಗೀತಾ ಇದ್ದೇವೆ. ನೀವು ಅನುಭವ ಇದ್ದವ್ರು. ಮೂರು ತಿಂಗಳ ಮಟ್ಟಿಗೆ ಬರ್ತೀರಾ?"

"ಅದರ ಬೀಗದ ಕೈ ಯಾರ ಹತ್ರ ಇದೆ ಸರ್?"

"ನಮ್ಮ ಹತ್ರನೇ."

"ನಿನ್ನೆಯೂ ನಿಮ್ಮ ಹತ್ರನೇ ಇತ್ತಾ?"

ಸುಜಯ ಕನ್ನಡಕ ತೆಗೆದು ಒರೆಸತೊಡಗಿದ.

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ರೋಹಿಣಿ ತಿಮ್ಮಿಯ ಪಕ್ಕ ಹೋಗಿ ನಿಂತಳು.

ಬೆಂಕಿಯ ಮಡಕೆ ಹಿಡಿದು ನವೀನ ಮುಂದಾದ. ಚಟ್ಟ ಎತ್ತುವಾಗ ಸುಜಯ ಸರಸರನೆ ಬಂದು ತಲೆಯ ಕಡೆ ಹೆಗಲು ಕೊಟ್ಟ. ಅಂಗಳದ ತುದಿಯವರೆಗೆ ನಡೆದ. ಫೋಟೊ ತೆಗೆದಾಯಿತು. ಅವನು ಮೆಲ್ಲಗೆ ಹೆಗಲು ತಪ್ಪಿಸಿದ. ಚಟ್ಟ ಒಂದು ಮಗ್ಗುಲಿಗೆ ವಾಲಿತು. ಹಿಂದೆ ಕೋಲೂರಿಕೊಂಡು ಬರುತ್ತಿದ್ದ ಜಟ್ಟಪ್ಪ ಕೋಲು ಎಸೆದು ಓಡಿದ. ಮಗಳ ತಲೆಯಡಿಗೆ ತನ್ನ ಮೂಳೆ ಹೆಗಲು ಕೊಟ್ಟು ನಿಂತ.