ಹತ್ತು ಗಂಟೆಯ ಸಿಳ್ಳೆ

ನಮ್ಮ ಬೀದಿಯ ಕೋಳಿ ಅಂಗಡಿಯವನಿಗೆ ತನ್ನ ಸಿಳ್ಳೆಯ ಮೇಲೆ ಬಲು ಹೆಮ್ಮೆ. ದಿನಾ ಹತ್ತು ಗಂಟೆಗೆ ಕರುಳು, ಚರ್ಮ ತುಂಬಿದ ಬಕೆಟ್ ಹಿಡಿದು ಹಿಂದಿನ ಬಯಲಿಗೆ ಹೋಗುತ್ತಿದ್ದ. ಬಾಯಿಗೆ ಎರಡು ಬೆರಳಿಟ್ಟು ಒಂದು ಸಿಳ್ಳೆ ಹೊಡೆದರೆ ಸಾಕು, ಸುತ್ತಲಿನ ಹದ್ದುಗಳೆಲ್ಲ ಅವನ ತಲೆಯ ಮೇಲೆ. ಬಯಲಿನ ಆಚೆ ಒಂದು ಗೋಡೆ. ಗೋಡೆಯಾಚೆ ವಿಮಾನ ನಿಲ್ದಾಣದ ರನ್‌ವೇ.

ಸೋಮವಾರ ಅಲ್ಲಿಂದ ಎದ್ದ ಸರಕು ವಿಮಾನದ ಎಂಜಿನ್ ಒಂದೇ ನಿಮಿಷದಲ್ಲಿ ಕೈಕೊಟ್ಟಿತು. ವಿಮಾನ ಅವನ ಮನೆಯ ತಾರಸಿ ಸವರಿಕೊಂಡು ಹೋಗಿ ಕಲ್ಲುಗಣಿಯ ಪಕ್ಕ ಬಿತ್ತು. ಪೈಲಟ್‌ಗಳಿಬ್ಬರೂ ಮೂಳೆ ಮುರಿದುಕೊಂಡು ಬದುಕಿದರು. ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಅವನ ಹೆಂಡತಿ ಅಂದಿನಿಂದ ಮೆಟ್ಟಿಲು ಹತ್ತಲೇ ಇಲ್ಲ.

ಬುಧವಾರ ಹೆಂಡತಿಯ ತಂಗಿ ಬಂದಳು. ಅವಳಿಗೆ ರನ್‌ವೇ ಗುಡಿಸುವ ಕೆಲಸ.

"ಭಾವ, ಎಂಜಿನ್ ಒಳಗೆ ಏನು ಸಿಕ್ತು ಗೊತ್ತಾ? ಹದ್ದಿನ ಗರಿ."

"ಹೋಗೇ! ಮನೆಯಷ್ಟು ದೊಡ್ಡ ವಿಮಾನ ಹದ್ದಿಗೆ ಹೆದರುತ್ತಾ?"

"ಹೆದರಲ್ಲ, ನುಂಗುತ್ತೆ. ಆ ವೇಗದಲ್ಲಿ ಹದ್ದು ಹದ್ದಲ್ಲ, ಕಲ್ಲುಗುಂಡು. ಒಳಗೆ ತಿರುಗೋ ಅಲಗು ಮುರಿದ್ರೆ ಕಥೆ ಮುಗೀತು."

"ಹನ್ನೆರಡು ವರ್ಷದಿಂದ ಹಾಕ್ತಿದೀನಿ. ಒಂದು ವಿಮಾನವಾದ್ರೂ ಬಿದ್ದಿತ್ತಾ?"

"ಹತ್ತಕ್ಕೆ ಇಲ್ಲಿಂದ ಯಾವ ವಿಮಾನವೂ ಹೊರಡ್ತಿರಲಿಲ್ಲ. ಆ ವಿಮಾನ ದಿನಾ ಏಳಕ್ಕೆ ಹೋಗ್ತಿತ್ತು. ಆಗ ನಿಮ್ಮ ಹದ್ದುಗಳು ಇನ್ನೂ ಮರದಲ್ಲೇ ಇರ್ತವೆ. ಸೋಮವಾರ ಸರಕು ತುಂಬೋದು ತಡ ಆಗಿ ಹತ್ತಕ್ಕೆ ಹೊರಟಿತು."

"ಹದ್ದೇನು ನನ್ನ ಮಾತು ಕೇಳುತ್ತಾ?"

ಒಳಗಿನಿಂದ ಹೆಂಡತಿ ನಕ್ಕಳು. "ಕೇಳುತ್ತೆ ಅಂತ ಬೀದಿಗೆಲ್ಲ ಸಾರಿದೋರು ಯಾರ್ರೀ?"

"ರನ್‌ವೇ ಇನ್ನೂ ಮುಚ್ಚಿದೆ ಭಾವ. ಬಕೆಟ್ ಬೇಡ, ಬರೀ ಸಿಳ್ಳೆ ಹೊಡೀರಿ, ನೋಡೋಣ."

ಮೂವರೂ ಬಯಲಿಗೆ ಹೋದರು. ಅವನು ಹೊಡೆದ. ಮೊದಲು ಎರಡು ಬಂದವು. ಆಮೇಲೆ ಹಿಂಡುಹಿಂಡಾಗಿ, ಎಲ್ಲವೂ ರನ್‌ವೇ ಮೇಲಿಂದಲೇ. ನಲವತ್ತು ದಾಟಿದ ಮೇಲೆ ಹೆಂಡತಿ ಎಣಿಸುವುದು ಬಿಟ್ಟಳು. ಅವಳು ಈಗ ನಗುತ್ತಿರಲಿಲ್ಲ.

"ನಾಳೆ ನಾನು ಬಟ್ಟೆ ಎಲ್ಲಿ ಒಣಗಿಸಲಿ, ಹೇಳಿ."

ಅವನು ಬೆರಳು ಒರೆಸಿಕೊಂಡ. "ಹಾಗಾದ್ರೆ ಕರುಳು, ಚರ್ಮ ಎಲ್ಲ ಏನು ಮಾಡ್ಲಿ, ತಲೆ ಮೇಲೆ ಹೊತ್ಕೊಳ್ಳಲಾ?"

"ಮುಚ್ಚಳ ಇರೋ ಡಬ್ಬಿಗೆ ಹಾಕಿ. ಕಸದ ಗಾಡಿ ಬಂದಾಗ ಕೊಡಿ. ಅಷ್ಟೇ ಭಾವ, ದೊಡ್ಡ ವಿದ್ಯೆ ಏನಲ್ಲ."

ಈಗ ಅಂಗಡಿಯ ಹಿಂದೆ ಡಬ್ಬಿ ಇದೆ. ಮುಚ್ಚಳದ ಮೇಲೆ ಕಲ್ಲೂ ಇದೆ. ಹದ್ದುಗಳು ಒಂದು ವಾರ ಗೋಡೆಯ ಮೇಲೆ ಕೂತು ಅವನನ್ನೇ ದಿಟ್ಟಿಸಿದವು. "ಹೋಟೆಲ್ ಮುಚ್ಚಿದೆ, ಹೋಗ್ರಪ್ಪಾ" ಎಂದು ಅವನು ಕೈಮುಗಿದ. ಎಂಟನೆಯ ದಿನ ಒಂದೂ ಬರಲಿಲ್ಲ. ಹೆಂಡತಿ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ತಾರಸಿ ಹತ್ತಿದಳು. ತಲೆಯ ಮೇಲೆ ವಿಮಾನ ಹೋಯಿತು. ಅವಳು ಬಗ್ಗಲಿಲ್ಲ.

ವಿಮಾನ ನಿಲ್ದಾಣದ ಅಕ್ಕಪಕ್ಕದವರೇ, ನಿಮಗೆ ಸಿಳ್ಳೆ ಹೊಡೆಯಲು ಬಾರದಿರಬಹುದು. ಆದರೆ ಬಯಲಲ್ಲಿ ಬಿದ್ದ ಮಾಂಸ, ಮೀನು, ಮಿಕ್ಕ ಊಟ ಹಗಲೆಲ್ಲ ಹದ್ದುಗಳನ್ನು ಕರೆಯುತ್ತಲೇ ಇರುತ್ತದೆ. ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ. ಇವತ್ತೇ ಮುಚ್ಚಿ. ಮುಂದಿನ ವಿಮಾನ ಇನ್ನೇನು ಹೊರಡುತ್ತಿದೆ, ಅದು ಹಾದುಹೋಗುವುದು ನಿಮ್ಮ ಮನೆಯ ಮೇಲೆಯೇ.