ನೂರಕ್ಕೆ ತೊಂಬತ್ತಾರು

೧
ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಗಂಗಾಧರಪ್ಪ ಕಾಳುಮೆಣಸು ಕೊಯ್ಯಲು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಏಣಿ ಹಾಕಿ, ಜಾರಿ ಬಿದ್ದು ಸತ್ತಲ್ಲಿಂದಲೇ? ಮೂರು ಸಲ ಬರೆದು ಹರಿದೆ. ಆತ ಬೀಳುವುದನ್ನು ಚೆಂದವಾಗಿ ವರ್ಣಿಸಿಬಿಟ್ಟಿದ್ದೆ, ನಾಚಿಕೆಯಾಯಿತು.

೨
ಸರಿ, ಮೂರು ತಿಂಗಳ ನಂತರ. ೨೦೦೩ರ ಮೇ, ಬಾಳೂರು. ಮೈಸೂರಿನಿಂದ ಸಂಶೋಧನೆಗೆ ಬಂದ ಪ್ರೇರಣಾ ಗಂಗಾಧರಪ್ಪನ ಮನೆಯ ಜಗಲಿಯಲ್ಲಿ ಫಾರಂ ಹಿಡಿದು ಕೂತಿದ್ದಾಳೆ. ದೊಡ್ಡ ಪೆಟ್ಟು ತಿಂದವರ ಮನಸ್ಸು ಎಷ್ಟು ಗಟ್ಟಿ ಎಂದು ಅಳೆಯಲು ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಮಾರ್ಕು. (ನಗಬೇಡಿ. ಹುಡುಗಿ ಒಳ್ಳೆಯವಳು.) ಅರವತ್ತಕ್ಕಿಂತ ಕಡಿಮೆ ಬಂದವರ ಮನೆಗೆ ಮೂಡಿಗೆರೆಯಿಂದ ಆಪ್ತಸಮಾಲೋಚಕಿ ವಾರವಾರ ಬರುತ್ತಾರೆ. ಹೆಚ್ಚು ಬಂದವರಿಗೆ ಒಂದು ಥ್ಯಾಂಕ್ಸ್, ಅಷ್ಟೇ.

ಮನೆಗೆ ಬಂದವರ ಎದುರಿನಿಂದ ಹಿರಿಯರು ಎದ್ದುಹೋಗುವ ಪದ್ಧತಿ ಇಲ್ಲಿಲ್ಲ. ಹಾಗಾಗಿ ಗಂಗಾಧರಪ್ಪನ ತಾಯಿ ಪಾಪಮ್ಮನೂ ಆತನ ಹೆಂಡತಿಯ ಪಕ್ಕದಲ್ಲೇ ಕೂತರು.

"ಕಷ್ಟ ಬಂದ್ರೆ ತಡ್ಕೊಳ್ತೀರಾ?" ಎಂದಳು ಪ್ರೇರಣಾ.

"ತಡ್ಕೊಳ್ತೀನಿ," ಎಂದಳು ಸೊಸೆ ಸರ್ವಮಂಗಳಾ, ಅತ್ತೆಯ ಮುಖ ನೋಡಿ.

"ನಿದ್ದೆ ಬರುತ್ತಾ?"

"ಮಲಗಿದ್ದೊಂದೇ ಗೊತ್ತು."

ಮಗನನ್ನು ಕಳೆದುಕೊಂಡ ಮುದುಕಿಯೆದುರು ಇನ್ನೇನು ಹೇಳಿಯಾಳು, ಪಾಪ? ನೂರಕ್ಕೆ ತೊಂಬತ್ತಾರು. ಪಾಪಮ್ಮನೂ ಸೊಸೆಯ ಮುಂದೆ ಜಗ್ಗಲಿಲ್ಲ: ತೊಂಬತ್ತೆಂಟು. ಇಬ್ಬರೂ ಸಹಿ ಹಾಕಿದರು.

೪
(೩ನ್ನು ಕಿತ್ತುಹಾಕಿದ್ದೇನೆ. ಅದರಲ್ಲಿ ಪ್ರೇರಣಾಳ ಗೈಡ್ ಪ್ರೊಫೆಸರರ ಭಾಷಣವಿತ್ತು, ನೀವೇನೂ ಕಳೆದುಕೊಂಡಿಲ್ಲ.)

ಕಾಫಿ ಲೋಟ ಇಡಲು ಅಡುಗೆಮನೆಗೆ ಬಂದ ಪ್ರೇರಣಾಳ ಕೈಯನ್ನು ಸರ್ವಮಂಗಳಾ ಗಟ್ಟಿಯಾಗಿ ಹಿಡಿದುಕೊಂಡಳು. "ಆ ಏಣಿ ಕಡಿದು ಬಚ್ಚಲ ಒಲೆಗೆ ಹಾಕ್ದೆ ಮೇಡಂ. ಅತ್ತೆ ಹತ್ರ ಗೆದ್ದಲು ಹಿಡ್ದಿತ್ತು ಅಂದೆ. ತೋಟಕ್ಕೆ ಕಾಲಿಡಕ್ಕೆ ಆಗ್ತಿಲ್ಲ. ಆ ಸಮಾಲೋಚಕಿ ಬರ್ಲಿ. ಆದ್ರೆ ಅತ್ತೆಗೋಸ್ಕರ ಅಂತ ಬರೀರಿ."

ಗೇಟಿನವರೆಗೆ ಕಳಿಸಲು ಬಂದ ಪಾಪಮ್ಮ ಹೇಳಿದರು: "ಏಣಿಗೆ ಗೆದ್ದಲೂ ಇಲ್ಲ, ಎಂಥದೂ ಇಲ್ಲ ಮಗಾ. ನಂಗೊತ್ತು. ಅವ್ಳ ಮಾರ್ಕು ಚೂರು ಕಡ್ಮೆ ಮಾಡು. ನಂದು ಹಾಗೇ ಇರ್ಲಿ."

ಸಹಿ ಬಿದ್ದ ಫಾರಂ ತಿದ್ದುವಂತಿಲ್ಲ. ಜೀಪಿನಲ್ಲಿ ಕೂತ ಪ್ರೇರಣಾ ಪೆನ್ನಿನ ಮುಚ್ಚಳ ತೆಗೆದಳು. ಹುಡುಗಿಗೆ ಅಳು ಬಂತು.

೫
ಅಂತ್ಯ ಒಂದು: ತಿದ್ದುತ್ತಾಳೆ, ಸಿಕ್ಕಿಬೀಳುತ್ತಾಳೆ, ಸಮಾಲೋಚಕಿ ಬರುವುದಿಲ್ಲ. ಅಂತ್ಯ ಎರಡು: ಹಾಗೇ ಕೊಡುತ್ತಾಳೆ, ಈ ಕಡೆಯ ಹೆಂಗಸರು ಭಾರೀ ಗಟ್ಟಿಗರೆಂದು ಪ್ರಬಂಧ ಬರುತ್ತದೆ, ಆಗಲೂ ಸಮಾಲೋಚಕಿ ಬರುವುದಿಲ್ಲ. ಥೂ, ಎರಡೂ ಬೇಡ. ಅತ್ತೆ ಸೊಸೆ ಅಪ್ಪಿಕೊಂಡು ಅಳುವ ಮೂರನೆಯದನ್ನು ಶುರುಮಾಡಿದೆ. ಸರ್ವಮಂಗಳಾ ತಡೆದಳು.

"ಸಾರ್, ಅದನ್ನ ಬರೀಬೇಡಿ. ಅತ್ತೆ ಕಥೆ ಪುಸ್ತಕ ಎಲ್ಲ ಓದ್ತಾರೆ."

ಅಡುಗೆಮನೆಯ ಮಾತನ್ನು ಆಗಲೇ ಬರೆದುಬಿಟ್ಟಿದ್ದೇನೆ ಎನ್ನುವ ಧೈರ್ಯ ನನಗಾಗಲಿಲ್ಲ.

"ಮತ್ತೆ ಏನಂತ ಬರೀಲಿ ತಾಯಿ?"

"ಗಟ್ಟಿ ಇದೀವಿ ಅಂತ್ಲೇ ಬರೀರಿ."

ಬರೆದೆ. ಸರ್ವಮಂಗಳಾ ಗಟ್ಟಿಯಾಗಿದ್ದಾಳೆ. ಪಾಪಮ್ಮನೂ ಗಟ್ಟಿಯಾಗಿದ್ದಾರೆ. ಜೀಪು ಇನ್ನೂ ಹೊರಟಿಲ್ಲ, ನಾನು ಹೊರಡಿಸುವುದೂ ಇಲ್ಲ. ಓದುಗರೇ, ನೀವಾದರೂ ನಂಬಬೇಡಿ. ಆ ಕಡೆ ಹೋದರೆ ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ.